ಕಾರ್ಕಳದ ಗೊಮ್ಮಟ: ಶಾಸನದಲ್ಲಿಲ್ಲದ ಒಂದು ಹೆಸರು

ಉಡುಪಿಯಿಂದ ಮಣಿಪಾಲ, ಹಿರಿಯಡ್ಕ, ಬೈಲೂರು ಮಾರ್ಗವಾಗಿ ಕಾರ್ಕಳಕ್ಕೆ ಬರುವ ಪ್ರವಾಸಿಗನ ಕಣ್ಣು ಊರು ಸಿಕ್ಕುವ ಮೊದಲೇ ಗೊಮ್ಮಟನನ್ನು ಹುಡುಕುತ್ತದೆ. ತೆಂಗು ಕಂಗುಗಳ ನಡುವೆ, ಹಸಿರಿನ ಕಡಲಿನಿಂದ ಮೇಲೆದ್ದ ದ್ವೀಪದಂತೆ, ಬೋಳು ಪಾದೆಯ ಗುಡ್ಡವೊಂದು ನಿಂತಿದೆ. ಅದರ ಎತ್ತರ ಸುಮಾರು 300 ಅಡಿ. ನೆತ್ತಿಯ ಮೇಲೆ ಏಕಶಿಲೆಯ ಬಾಹುಬಲಿ. ಮಳೆಗಾಲದಲ್ಲಿ ಮೋಡ ಕವಿದಾಗ ಗುಡ್ಡ ಮರೆಯಾಗಿ ಮೂರ್ತಿಯ ಭುಜವಷ್ಟೇ ಕಾಣುವುದುಂಟು. ನೋಡಿದವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಎರಡು. ಇಷ್ಟು ದೊಡ್ಡ ಕಲ್ಲು ಈ ನುಣುಪು ಗುಡ್ಡವನ್ನು ಏರಿದ್ದು ಹೇಗೆ? ಇದನ್ನು ಮಾಡಿದವರು ಯಾರು?

ಎರಡನೆಯ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಸುಲಭದ ಉತ್ತರವಿದೆ: ವೀರಪಾಂಡ್ಯ ಭೈರರಸ. ಆದರೆ ತುಳುನಾಡಿನ ಹಳ್ಳಿಗಳಲ್ಲಿ ಇದೇ ಪ್ರಶ್ನೆಯನ್ನು ಕೇಳಿದರೆ ಬೇರೊಂದು ಹೆಸರು ಬರುತ್ತದೆ: ಕಲ್ಕುಡ. ಒಂದು ಉತ್ತರ ಕಲ್ಲಿನಲ್ಲಿ ಕೆತ್ತಿದ್ದು, ಇನ್ನೊಂದು ಬಾಯಿಂದ ಬಾಯಿಗೆ ಬಂದದ್ದು. ಇವೆರಡನ್ನೂ ಒಟ್ಟಿಗಿಟ್ಟು ನೋಡಿದಾಗ ಮಾತ್ರ ಈ ಮೂರ್ತಿಯ ಚರಿತ್ರೆ ಪೂರ್ತಿಯಾಗುತ್ತದೆ.

ಶಾಸನ ಹೇಳುವುದೇನು?

ಮೂರ್ತಿಯ ಪಕ್ಕದಲ್ಲಿ ಕೆತ್ತಿರುವ ಶಾಸನ ಚಿಕ್ಕದು, ಸ್ಪಷ್ಟವಾದದ್ದು. ಶಕವರ್ಷ 1353, ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿಯಂದು, ಎಂದರೆ ಕ್ರಿ.ಶ. 1432ರ ಫೆಬ್ರವರಿ 13ರಂದು, ಪ್ರತಿಷ್ಠೆ ನಡೆಯಿತು. ಮಾಡಿಸಿದವನು ಸೋಮವಂಶದ ಭೈರವನ ಮಗ ವೀರಪಾಂಡ್ಯ. ಪ್ರೇರಣೆ ನೀಡಿದವರು ಪನಸೋಗೆಯ ದೇಶೀಗಣದ ಲಲಿತಕೀರ್ತಿ ಮುನಿಗಳು. ಕಾರ್ಕಳ ಜೈನಮಠದ ಪೀಠಕ್ಕೆ ಬರುವ ಭಟ್ಟಾರಕರು ಲಲಿತಕೀರ್ತಿ ಎಂಬ ಹೆಸರನ್ನೇ ಧರಿಸುವ ಸಂಪ್ರದಾಯ ಇಂದಿಗೂ ನಡೆದುಬಂದಿದೆ. ನಾಲ್ಕು ವರ್ಷಗಳ ನಂತರ, 1436ರಲ್ಲಿ, ಅದೇ ಅರಸ ಮೂರ್ತಿಯ ಎದುರಿಗೆ ಬ್ರಹ್ಮದೇವರ ಸ್ತಂಭವನ್ನು ನಿಲ್ಲಿಸಿದ.

ಈ ಅರಸರ ಮೂಲ ಘಟ್ಟದ ಮೇಲಿನದು. ಹೊಂಬುಜದ ಸಾಂತರರ ಪೀಳಿಗೆಯವರು ಕಳಸಕ್ಕೆ ಬಂದು, ಅಲ್ಲಿಂದ ಘಟ್ಟವಿಳಿದು ಕಾರ್ಕಳದಲ್ಲಿ ನೆಲೆಸಿದರು. ಕಳಸ-ಕಾರ್ಕಳದ ಭೈರರಸರೆಂದು ಚರಿತ್ರೆಯಲ್ಲಿ ಪ್ರಸಿದ್ಧರಾದ ಇವರು ವಿಜಯನಗರದ ಅಧೀನದಲ್ಲಿದ್ದರೂ ತಮ್ಮ ಸೀಮೆಯಲ್ಲಿ ಸ್ವತಂತ್ರರಂತೆಯೇ ಆಳಿದವರು. ಶ್ರವಣಬೆಳಗೊಳದಲ್ಲಿ ಚಾವುಂಡರಾಯ ಹತ್ತನೆಯ ಶತಮಾನದ ಕೊನೆಯಲ್ಲಿ 58 ಅಡಿಯ ಗೊಮ್ಮಟನನ್ನು ಮಾಡಿಸಿದ ಮೇಲೆ, ಜೈನ ಅರಸನೊಬ್ಬನಿಗೆ ಗೊಮ್ಮಟನನ್ನು ನಿಲ್ಲಿಸುವುದಕ್ಕಿಂತ ದೊಡ್ಡ ಪುಣ್ಯವಾಗಲಿ, ಕೀರ್ತಿಯಾಗಲಿ ಇರಲಿಲ್ಲ. ವೀರಪಾಂಡ್ಯ ಇವೆರಡನ್ನೂ ಬಯಸಿದ್ದರೆ ಆಶ್ಚರ್ಯವಿಲ್ಲ.

ಇಷ್ಟನ್ನು ಹೇಳಿ ಶಾಸನ ಮುಗಿಯುತ್ತದೆ. ಅರಸನಿದ್ದಾನೆ, ಗುರುವಿದ್ದಾರೆ, ತಿಥಿ ವಾರಗಳಿವೆ. ಉಳಿ ಹಿಡಿದವನ ಹೆಸರು ಮಾತ್ರ ಇಲ್ಲ. ಶಿಲ್ಪಿಗಳ ಹೆಸರು ಬರೆಯುವ ರೂಢಿಯೇ ಕನ್ನಡ ನಾಡಿನಲ್ಲಿ ಇರಲಿಲ್ಲವೆನ್ನಲು ಬಾರದು. ಎಂಟನೆಯ ಶತಮಾನದ ಪಟ್ಟದಕಲ್ಲಿನಲ್ಲಿ ಗುಂಡ ಅನಿವಾರಿತಾಚಾರಿಯ ಹೆಸರನ್ನು ಗೌರವದಿಂದ ಕೆತ್ತಲಾಗಿದೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜನ ಸಹಿಯಿದೆ. ಹೊಯ್ಸಳರ ಮಲ್ಲಿತಮ್ಮ ತನ್ನ ಹೆಸರನ್ನು ಹಲವು ಗುಡಿಗಳಲ್ಲಿ ಬಿಟ್ಟುಹೋಗಿದ್ದಾನೆ. ಕಾರ್ಕಳದ ಶಿಲ್ಪಿಗೆ ಆ ಭಾಗ್ಯ ಒದಗಲಿಲ್ಲ.

ಇಪ್ಪತ್ತು ಚಕ್ರದ ಬಂಡಿ

ಇನ್ನು ಮೊದಲನೆಯ ಪ್ರಶ್ನೆ. ಶ್ರವಣಬೆಳಗೊಳದ ಮೂರ್ತಿ ಇಂದ್ರಗಿರಿಯ ಶಿಖರದ ಬಂಡೆಯಿಂದಲೇ ಕಡೆದದ್ದು. ಸುತ್ತಲ ಕಲ್ಲನ್ನು ತೆಗೆದುಹಾಕಿದಂತೆ ಮೂರ್ತಿ ಮೂಡಿ ನಿಂತಿತು. ಅದನ್ನು ಸಾಗಿಸುವ ಮಾತೇ ಇಲ್ಲ. ಕಾರ್ಕಳದ ಸಂಗತಿ ಬೇರೆ. 1646ರಲ್ಲಿ ಚಂದ್ರಮನೆಂಬ ಕವಿ ಸಾಂಗತ್ಯದಲ್ಲಿ ರಚಿಸಿದ 'ಕಾರ್ಕಳದ ಗೊಮ್ಮಟೇಶ್ವರ ಚರಿತೆ' ಮೂರ್ತಿಯನ್ನು ಕೆಳಗೆ ಕೆತ್ತಿ ಮೇಲಕ್ಕೆ ಸಾಗಿಸಿದ ಕಥೆಯನ್ನು ಹೇಳುತ್ತದೆ. ಇಪ್ಪತ್ತು ಚಕ್ರಗಳ ಉದ್ದನೆಯ ಬಂಡಿಯಲ್ಲಿ ಮೂರ್ತಿಯನ್ನು ಮಲಗಿಸಲಾಯಿತಂತೆ. ಸಾವಿರಾರು ಜನ ಹಗ್ಗ ಹಿಡಿದು ಎಳೆದರಂತೆ. ಗುಡ್ಡದ ತುದಿ ಮುಟ್ಟಲು ಒಂದು ತಿಂಗಳು ಹಿಡಿಯಿತಂತೆ. ಮೇಲೆ ತಾತ್ಕಾಲಿಕ ಮಂಟಪ ಕಟ್ಟಿ ಕೊನೆಯ ನಯಗೆಲಸವನ್ನು ಮುಗಿಸಿದ ಮೇಲೆಯೇ ಪ್ರತಿಷ್ಠೆ.

ಕವಿ ಬರೆದದ್ದು ಪ್ರತಿಷ್ಠೆಯಾಗಿ 214 ವರ್ಷಗಳು ಕಳೆದ ನಂತರ. ಹಾಗೆಂದು ಅವನ ಮಾತನ್ನು ಬರಿಯ ಉತ್ಪ್ರೇಕ್ಷೆಯೆಂದು ತಳ್ಳಿಹಾಕಬೇಕೆ? ಸರಳ ಲೆಕ್ಕವೊಂದನ್ನು ಮಾಡಿ ನೋಡಬಹುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ಅಳೆದಂತೆ ಮೂರ್ತಿಯ ಎತ್ತರ 41 ಅಡಿ 5 ಅಂಗುಲ. ಅವರ ಅಂದಾಜಿನ ತೂಕ 80 ಟನ್. ಈ ಅಂದಾಜು ಸರಿಯೆ? ಐದೂವರೆ ಅಡಿ ಎತ್ತರದ, 60 ಕಿಲೋ ತೂಕದ ಮನುಷ್ಯನೊಬ್ಬನನ್ನು ಕಲ್ಪಿಸಿಕೊಳ್ಳಿ. ಗೊಮ್ಮಟ ಅವನ ಏಳೂವರೆ ಪಟ್ಟು ಎತ್ತರ. ಆದರೆ ಎತ್ತರದ ಜೊತೆಗೆ ಅಗಲವೂ ದಪ್ಪವೂ ಅಷ್ಟೇ ಪಟ್ಟು ಹೆಚ್ಚುವುದರಿಂದ ಗಾತ್ರ ಸುಮಾರು 420 ಪಟ್ಟಾಗುತ್ತದೆ. ಮಾಂಸದ ದೇಹವಾಗಿದ್ದರೆ ತೂಕ 25 ಟನ್. ಕಲ್ಲು ದೇಹಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರವಾದ್ದರಿಂದ 65ರಿಂದ 70 ಟನ್. ಕಾಲಿನ ಹಿಂದಿರುವ ಆಸರೆಯ ಕಲ್ಲನ್ನೂ ಪೀಠವನ್ನೂ ಸೇರಿಸಿದರೆ 80 ಟನ್ ಅತಿಯಾದ ಅಂದಾಜೇನಲ್ಲ, ಕಡಿಮೆಯೇ ಆದೀತು.

ಐದಡಿ ಮುಂದೆ ಹೋದರೆ ಒಂದಡಿ ಏರುವಂತಹ ಇಳಿಜಾರಿನಲ್ಲಿ ಇಷ್ಟು ಭಾರವನ್ನು ಎಳೆಯಬೇಕಾದರೆ, ಏರಿನ ಭಾರಕ್ಕೆ 16 ಟನ್ನಿನ ಎಳೆತ ಬೇಕು. ಚಕ್ರದ ತಿಕ್ಕಾಟಕ್ಕೆ ಇನ್ನೊಂದು 10 ಟನ್ ಹಿಡಿಯೋಣ. ಒಬ್ಬ ಆಳು ಹಗ್ಗ ಹಿಡಿದು ಸತತವಾಗಿ 20 ಕಿಲೋ ಬಲ ಹಾಕಬಲ್ಲನೆಂದರೆ ಒಟ್ಟು 1,300 ಜನ ಬೇಕಾಗುತ್ತದೆ. ಹಗ್ಗ ಹೊಸೆಯುವವರು, ದಾರಿ ಸಮ ಮಾಡುವವರು, ಚಕ್ರದ ಹಿಂದೆ ಮರದ ಅಡೆ ಇಡುವವರು, ಗಂಜಿ ಬೇಯಿಸುವವರು, ಸರದಿಯ ಆಳುಗಳು ಎಲ್ಲರನ್ನೂ ಸೇರಿಸಿದರೆ ಚಂದ್ರಮನ 'ಸಾವಿರಾರು ಜನ' ಅತಿಶಯೋಕ್ತಿಯಲ್ಲ. ದಿನಕ್ಕೆ ಹದಿನೇಳು ಗಜದಷ್ಟು ಮುಂದೆ ಸಾಗಿದರೆ ತಿಂಗಳೊಳಗೆ ತುದಿ ಮುಟ್ಟಬಹುದು. ಹೀಗೆ ರಹಸ್ಯವೆನಿಸಿದ್ದು ಲೆಕ್ಕಕ್ಕೆ ಸಿಕ್ಕುತ್ತದೆ. ಬೇಕಾದದ್ದು ಮಾಯೆಯಲ್ಲ, ಆಳು, ಹಗ್ಗ, ಮರ ಮತ್ತು ಇವನ್ನೆಲ್ಲ ಒಂದೆಡೆ ಕೂಡಿಸುವ ಅರಸನ ಅಧಿಕಾರ.

ಈ ಕೆಲಸ ಕಾರ್ಕಳದವರ ಕಣ್ಣೆದುರಿಗೇ ಇನ್ನೊಮ್ಮೆ ನಡೆಯಿತು. ಧರ್ಮಸ್ಥಳದ ರತ್ನವರ್ಮ ಹೆಗ್ಗಡೆಯವರ ಸಂಕಲ್ಪದಂತೆ 1967ರಲ್ಲಿ ಕಾರ್ಕಳದಲ್ಲಿ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರ ನೇತೃತ್ವದಲ್ಲಿ 39 ಅಡಿಯ ಬಾಹುಬಲಿಯ ಕೆತ್ತನೆ ಆರಂಭವಾಯಿತು. 1973ರಲ್ಲಿ ಸುಮಾರು 170 ಟನ್ ತೂಕದ ಆ ಮೂರ್ತಿಯನ್ನು 64 ಚಕ್ರಗಳ ಟ್ರಾಲಿಯಲ್ಲಿ ಮಲಗಿಸಿ ಧರ್ಮಸ್ಥಳಕ್ಕೆ ಸಾಗಿಸಲಾಯಿತು. ದಾರಿಯುದ್ದಕ್ಕೂ ಜನ ಸಾಲುಗಟ್ಟಿ ನಿಂತು ನೋಡಿದರು. 1982ರಲ್ಲಿ ಪ್ರತಿಷ್ಠೆಯಾಯಿತು. ಇಪ್ಪತ್ತು ಚಕ್ರದ ಬಂಡಿ ಅರುವತ್ತನಾಲ್ಕು ಚಕ್ರದ ಟ್ರಾಲಿಯಾಗಿತ್ತು. ಕೆಳಗೆ ಕೆತ್ತಿ ಮೇಲಕ್ಕೊಯ್ಯುವ ಉಪಾಯ ಮಾತ್ರ ಹಳೆಯದೇ. ಇನ್ನೊಂದು ವ್ಯತ್ಯಾಸವೂ ಉಂಟು. ಈ ಬಾರಿ ಶಿಲ್ಪಿಯ ಹೆಸರು ಎಲ್ಲರಿಗೂ ಗೊತ್ತಿತ್ತು.

ಪಾಡ್ದನ ಹೇಳುವುದೇನು?

ಶಾಸನ ಬಿಟ್ಟ ಹೆಸರನ್ನು ಪಾಡ್ದನ ಹಿಡಿದಿಟ್ಟಿದೆ. ತುಳುನಾಡಿನ ಭೂತಾರಾಧನೆಯಲ್ಲಿ ದೈವದ ಹುಟ್ಟು ಬೆಳವಣಿಗೆಯನ್ನು ಹೇಳುವ ದೀರ್ಘ ಕಥನಗೀತವೇ ಪಾಡ್ದನ. ಕಲ್ಕುಡ ಎಂದರೆ ಕಲ್ಲುಕುಟಿಗ. ಶಂಭು ಕಲ್ಕುಡನ ಮಗ ವೀರ ಅಥವಾ ಬೀರ ಕಲ್ಕುಡ, ಅವನ ಒಡಹುಟ್ಟಿದವಳು ಕಲ್ಲುರ್ಟಿ. ಕೆಲಸಕ್ಕೆಂದು ಬೆಳಗೊಳಕ್ಕೆ ಹೋದ ತಂದೆಯನ್ನು ಮಗ ಹುಡುಕಿಕೊಂಡು ಹೋಗುತ್ತಾನೆ. ತಂದೆಯ ಕೆಲಸದಲ್ಲಿ ಮಗ ದೋಷವೊಂದನ್ನು ತೋರಿಸಿದನೆಂದೂ, ಅವಮಾನ ತಾಳದೆ ತಂದೆ ಪ್ರಾಣ ಬಿಟ್ಟನೆಂದೂ ಹೇಳುವ ಪಾಠಗಳಿವೆ. ಬೇಲೂರಿನ ಜಕಣಾಚಾರಿ, ಡಂಕಣಾಚಾರಿಯರ ಕಥೆ ಓದುಗರಿಗೆ ಇಲ್ಲಿ ನೆನಪಾಗದಿರದು.

ಮಗ ಕಾರ್ಕಳಕ್ಕೆ ಬಂದ. ಭೈರವ ಅರಸುವಿಗೆ ಗೊಮ್ಮಟನನ್ನು ಕೆತ್ತಿಕೊಟ್ಟ. ಸಾವಿರಾರು ಜನರಿಂದ ಆಗದಿದ್ದ ಕೆಲಸ, ಮೂರ್ತಿಯನ್ನು ನೆಟ್ಟಗೆ ನಿಲ್ಲಿಸುವುದು, ಅವನೊಬ್ಬನ ಕೈಯಿಂದ ಆಯಿತಂತೆ. ಅರಸು ಕೊಟ್ಟ ಉಡುಗೊರೆ ಯಾವುದು? ಇಂತಹುದು ಇನ್ನೊಂದು ನಾಡಿನಲ್ಲಿ ಆಗಬಾರದೆಂದು ಅವನ ಎಡಗೈ ಮತ್ತು ಬಲಗಾಲನ್ನು ಕಡಿಸಿದನಂತೆ. ಕಲ್ಕುಡ ಕುಂಟುತ್ತ ವೇಣೂರಿಗೆ ಹೋದ. ಅಲ್ಲಿಯ ಅಜಿಲ ಅರಸುವಿಗಾಗಿ ಉಳಿದ ಒಂದೇ ಕೈ, ಒಂದೇ ಕಾಲಿನಿಂದ ಇನ್ನೊಂದು ಗೊಮ್ಮಟನನ್ನು ಮಾಡಿದ. ಅಣ್ಣನನ್ನು ಅರಸುತ್ತ ಬಂದ ಕಲ್ಲುರ್ಟಿ ಅವನ ಸ್ಥಿತಿ ಕಂಡು ಕೆರಳಿದಳು. ಇಬ್ಬರೂ ಕಾಯ ಬಿಟ್ಟು ಮಾಯ ಸೇರಿದರು, ದೈವಗಳಾದರು. ಕಾರ್ಕಳದ ಅರಸುವನ್ನು ಕಾಡಿದರು.

ಚರಿತ್ರೆಯ ತಕ್ಕಡಿಯಲ್ಲಿಟ್ಟರೆ ಈ ಕಥೆ ನಿಲ್ಲುವುದಿಲ್ಲ. ವೇಣೂರಿನ 35 ಅಡಿಯ ಮೂರ್ತಿಯನ್ನು ತಿಮ್ಮರಾಜ ಅಜಿಲ ಪ್ರತಿಷ್ಠಾಪಿಸಿದ್ದು 1604ರಲ್ಲಿ. ಕಾರ್ಕಳಕ್ಕೂ ಅದಕ್ಕೂ 172 ವರ್ಷಗಳ ಅಂತರ. ಒಬ್ಬನೇ ಶಿಲ್ಪಿ ಎರಡನ್ನೂ ಮಾಡಿರಲು ಸಾಧ್ಯವಿಲ್ಲ. ಅಲ್ಲದೆ ಕೈ ಕಡಿಸಿದ ಕಥೆ ಜಗತ್ತಿನ ಹಲವೆಡೆ ಇದೆ. ತಾಜಮಹಲಿನ ಕೆಲಸಗಾರರ ಕೈಯನ್ನು ಷಹಜಹಾನ್ ಕಡಿಸಿದನೆಂದು ಎಲ್ಲರೂ ಕೇಳಿದ್ದಾರೆ. ಅದಕ್ಕೆ ಸಮಕಾಲೀನ ಆಧಾರವಿಲ್ಲ. ಮಾಸ್ಕೋದ ಸಂತ ಬೆಸಿಲ್ ಇಗರ್ಜಿಯ ಶಿಲ್ಪಿಯ ಕಣ್ಣನ್ನು ದೊರೆ ಇವಾನ ಕೀಳಿಸಿದನೆಂಬ ಪ್ರತೀತಿಯೂ ಇಂತಹುದೇ. ಆ ಶಿಲ್ಪಿ ಆ ಬಳಿಕವೂ ಬೇರೆಡೆ ಕೆಲಸ ಮಾಡಿದ ದಾಖಲೆಗಳಿವೆ.

ಹಾಗಾದರೆ ಪಾಡ್ದನ ಬರಿಯ ಕಟ್ಟುಕಥೆಯೆ? ಹಾಗೆ ಹೇಳುವ ಮೊದಲು ವೇಣೂರಿನ ಇನ್ನೊಂದು ಐತಿಹ್ಯವನ್ನು ಗಮನಿಸಬೇಕು. ವೇಣೂರಿನಲ್ಲಿ ಗೊಮ್ಮಟ ಸಿದ್ಧವಾಗುತ್ತಿರುವ ಸುದ್ದಿ ತಿಳಿದು, ತನ್ನ ರಾಜಧಾನಿಯ ಹಿರಿಮೆ ಕುಂದೀತೆಂದು ಕಾರ್ಕಳದ ಅರಸ ಆ ಮೂರ್ತಿಯನ್ನು ತನಗೆ ಒಪ್ಪಿಸುವಂತೆ ಹೇಳಿಕಳುಹಿಸಿದನಂತೆ. ತಿಮ್ಮರಾಜ ಮಣಿಯಲಿಲ್ಲ. ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತಿಟ್ಟು, ಅಪಾಯ ಕಳೆದ ಮೇಲೆ ತೆಗೆದು ನಿಲ್ಲಿಸಿದನಂತೆ. ಕಾರ್ಕಳದ ಭೈರರಸರು, ವೇಣೂರಿನ ಅಜಿಲರು, ಮೂಡುಬಿದಿರೆಯ ಚೌಟರು, ಬಂಗವಾಡಿಯ ಬಂಗರು ಎಲ್ಲರೂ ಜೈನರೇ; ಸಂಬಂಧ ಬೆಳೆಸಿದವರೂ ಸೆಣಸಿದವರೂ ಅವರೇ. ಎರಡು ಕಥೆಗಳ ತಿರುಳು ಒಂದೇ: ತನ್ನಲ್ಲಿರುವುದು ಇನ್ನೊಬ್ಬನಲ್ಲಿ ಇರಬಾರದೆಂಬ ಅರಸರ ಹಟ. ಐತಿಹ್ಯದಲ್ಲಿ ಆ ಹಟಕ್ಕೆ ಸಿಕ್ಕಿದ್ದು ಕಲ್ಲಿನ ಮೂರ್ತಿ. ಪಾಡ್ದನದಲ್ಲಿ ಸಿಕ್ಕಿದ್ದು ಮೂರ್ತಿ ಮಾಡಿದವನ ಮೈ.

ಪಾಡ್ದನ ಕಟ್ಟಿ ಹಾಡಿದವರು ಆಸ್ಥಾನದ ಕವಿಗಳಲ್ಲ. ಹಗ್ಗ ಎಳೆದವರ, ಕಲ್ಲು ಒಡೆದವರ, ಗದ್ದೆಯಲ್ಲಿ ದುಡಿದವರ ನೆನಪು ಅದು. ಎರಡು ಕಾಲದ ಎರಡು ಮೂರ್ತಿಗಳನ್ನು ಅವರು ಒಬ್ಬನ ಬಾಳಿನಲ್ಲಿ ಹೆಣೆದರು. ಇಸವಿ ತಪ್ಪಿತು ನಿಜ. ಆದರೆ ಇಷ್ಟು ದೊಡ್ಡ ಕೆಲಸ ಮನುಷ್ಯನ ಕೈಯಿಂದ ಆದದ್ದು, ಆ ಕೈಗೆ ದೊರೆಯಬೇಕಾದ ಮನ್ನಣೆ ದೊರೆಯಲಿಲ್ಲ ಎಂಬ ಅವರ ದೂರು ತಪ್ಪೆಂದು ಹೇಳುವಂತಿಲ್ಲ. ಅದಕ್ಕೆ ಶಾಸನದ ಮೌನವೇ ಸಾಕ್ಷಿ. ತಾಜಮಹಲಿನ ಕಥೆಯಲ್ಲಿ ಕೈ ಕಳೆದುಕೊಂಡವರು ಹೆಸರಿಲ್ಲದ ನತದೃಷ್ಟರಾಗಿ ಉಳಿದರು. ತುಳುನಾಡಿನಲ್ಲಿ ಹಾಗಾಗಲಿಲ್ಲ. ಅನ್ಯಾಯಕ್ಕೊಳಗಾದವನು ಇಲ್ಲಿ ದೈವವಾಗುತ್ತಾನೆ. ಅವನ ನೇಮದ ಕಳದಲ್ಲಿ ಬಲ್ಲಾಳನೂ ಗುತ್ತಿನ ಯಜಮಾನನೂ ಕೈಮುಗಿದು ನಿಲ್ಲಬೇಕು, ಅವನ ನುಡಿಗೆ ಉತ್ತರ ಕೊಡಬೇಕು. ಬಂಟ್ವಾಳ ಸಮೀಪದ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಹರಕೆ ಹೊತ್ತು ಬರುವ ಜನಸಂದಣಿಯನ್ನು ನೋಡಿದವರಿಗೆ ಈ ಕಥೆಯ ಬಲ ಎಷ್ಟೆಂದು ಹೇಳಬೇಕಾಗಿಲ್ಲ.

ನಿಂತದ್ದು, ಬಿದ್ದದ್ದು

ಬೃಹತ್ ಮೂರ್ತಿಗಳೆಲ್ಲ ಹೀಗೆ ಉಳಿಯುವುದಿಲ್ಲ. ಗ್ರೀಕರ ರೋಡ್ಸ್ ದ್ವೀಪದಲ್ಲಿ ಕ್ರಿ.ಪೂ. 280ರ ಸುಮಾರಿಗೆ ಸೂರ್ಯದೇವನ ಕಂಚಿನ ಮೂರ್ತಿಯೊಂದು ನಿಂತಿತು. ಅದರ ಎತ್ತರ ನೂರು ಅಡಿಗೂ ಹೆಚ್ಚು. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಅದೂ ಒಂದು. ಐವತ್ತು ಚಿಲ್ಲರೆ ವರ್ಷಗಳಲ್ಲಿ ಭೂಕಂಪವಾಗಿ ಮೊಣಕಾಲಿನಲ್ಲಿ ಮುರಿದು ಬಿತ್ತು. ಬಿದ್ದ ಮೂರ್ತಿಯನ್ನು ನೋಡಲೆಂದೇ ಶತಮಾನಗಳ ಕಾಲ ಜನ ಆ ದ್ವೀಪಕ್ಕೆ ಹೋಗುತ್ತಿದ್ದರು. ಕೊನೆಗೆ ಅದರ ಕಂಚು ಗುಜರಿಗೆ ಮಾರಾಟವಾಯಿತೆಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಆ ಮೂರ್ತಿಯ ಶಿಲ್ಪಿ ಖಾರಿಸ್. ಲೆಕ್ಕದಲ್ಲಿ ತಪ್ಪಿ ಅವನು ಆತ್ಮಹತ್ಯೆ ಮಾಡಿಕೊಂಡನೆಂಬ ಕಥೆ ಅಲ್ಲಿಯೂ ಹುಟ್ಟಿಕೊಂಡಿತು. ಬೃಹತ್ತಾದದ್ದನ್ನು ಕಂಡಾಗ, ಅದನ್ನು ಮಾಡಿದವನು ಏನೋ ಬೆಲೆ ತೆತ್ತಿರಬೇಕೆಂದು ಜನಮನಕ್ಕೆ ಎಲ್ಲೆಡೆಯೂ ಅನಿಸುತ್ತದೆ.

ದೂರದ ದ್ವೀಪಕ್ಕೇ ಹೋಗಬೇಕೆಂದಿಲ್ಲ. ಹಂಪಿಯಲ್ಲಿ ಕೃಷ್ಣದೇವರಾಯ 1528ರಲ್ಲಿ ಮಾಡಿಸಿದ ಏಕಶಿಲೆಯ ನರಸಿಂಹ ಕೈಗಳನ್ನು ಕಳೆದುಕೊಂಡು ಕುಳಿತಿದ್ದಾನೆ. ತೊಡೆಯ ಮೇಲಿದ್ದ ಲಕ್ಷ್ಮಿಯಂತೂ ಅಲ್ಲಿಲ್ಲ. ಕಾರ್ಕಳದ ದಾರಿಯಲ್ಲಿ, ಬೈಲೂರಿನ ಉಮಿಕ್ಕಳ ಬೆಟ್ಟದ ಮೇಲೆ 33 ಅಡಿಯ ಪರಶುರಾಮನ ಮೂರ್ತಿ 2023ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಅದರ ಮೇಲ್ಭಾಗವನ್ನು ಇಳಿಸಲಾಯಿತು. ಮೂರ್ತಿ ಯಾವ ವಸ್ತುವಿನದೆಂಬ ವಿವಾದ ತನಿಖೆಗೂ ನ್ಯಾಯಾಲಯಕ್ಕೂ ಹೋಯಿತು. ಮಾಡಿದ್ದು ಯಾರು, ಯಾವುದರಿಂದ, ಹೇಗೆ ಎಂಬ ಪ್ರಶ್ನೆಗಳು ಹಳೆಯ ಮೂರ್ತಿಗಳಿಗಷ್ಟೇ ಸಂಬಂಧಿಸಿದವಲ್ಲ.

ಕಾರ್ಕಳದ ಗೊಮ್ಮಟ ಉಳಿದದ್ದಕ್ಕೆ ಕಾರಣಗಳನ್ನು ಹುಡುಕಿದರೆ ಮತ್ತೆ ಆ ಹೆಸರಿಲ್ಲದ ಶಿಲ್ಪಿಯ ಬಳಿಗೇ ಬರಬೇಕಾಗುತ್ತದೆ. ನಿಂತ ಮನುಷ್ಯಾಕೃತಿಯ ಬಲಹೀನ ಭಾಗ ಕಾಲು. ಮೇಲಿನ ಭಾರವೆಲ್ಲ ಕಿರಿದಾದ ಹರಡಿನ ಮೇಲೆ ಬೀಳುತ್ತದೆ. ಬಾಹುಬಲಿಯ ಕಥೆಯಲ್ಲಿ ಇದಕ್ಕೊಂದು ಉಪಾಯವೂ ಅಡಗಿದೆ. ಅಣ್ಣ ಭರತನನ್ನು ಗೆದ್ದೂ ರಾಜ್ಯ ಬಿಟ್ಟು ತಪಸ್ಸಿಗೆ ನಿಂತವನು ಬಾಹುಬಲಿ. ಮೈಗೆ ಬಳ್ಳಿ ಹಬ್ಬಿತು, ಕಾಲಬಳಿ ಹುತ್ತ ಬೆಳೆಯಿತು. ಶಿಲ್ಪಿ ಮೂರ್ತಿಯ ಹಿಂಬದಿಯಲ್ಲಿ ಕಲ್ಲನ್ನು ಹಾಗೆಯೇ ಉಳಿಸಿಕೊಂಡು, ಬಳ್ಳಿ ಹಬ್ಬಿಸಿ, ಕಾಲುಗಳನ್ನು ಅದರೊಂದಿಗೆ ಬೆಸೆದ. ಭಕ್ತನಿಗೆ ಅದು ತಪಸ್ಸಿನ ಗುರುತು. ಶಿಲ್ಪಿಗೆ ಮೂರ್ತಿ ಬೀಳದಂತೆ ಹಿಡಿದ ಊರುಗೋಲು. ಕರಾವಳಿಯ ಜಡಿಮಳೆ ಆರು ಶತಮಾನಗಳಿಂದ ಅದರ ಮೇಲೆ ಸುರಿಯುತ್ತಿದೆ. ಮಾಡಿನ ಆಸರೆಯಿಲ್ಲದ ಮೂರ್ತಿ ಇಂದಿಗೂ ನೆಟ್ಟಗಿದೆ.

ಉಳಿಯದೆ ಹೋದದ್ದು ಮಾಡಿಸಿದವರ ರಾಜ್ಯ. 1586ರಲ್ಲಿ ಗೊಮ್ಮಟಬೆಟ್ಟದ ಎದುರಿಗೆ ಇಮ್ಮಡಿ ಭೈರರಸ ಚತುರ್ಮುಖ ಬಸದಿಯನ್ನು ಕಟ್ಟಿಸಿದಾಗ ಆ ಮನೆತನ ಇನ್ನೂ ಪ್ರಬಲವಾಗಿತ್ತು. ಬಳಿಕ ಕೆಳದಿಯ ನಾಯಕರ ಕೈ ಮೇಲಾಯಿತು. ಅನಂತರ ಹೈದರಾಲಿಯ, ಕೊನೆಗೆ ಕಂಪೆನಿ ಸರಕಾರದ ಆಳ್ವಿಕೆ ಬಂತು. ಭೈರರಸರ ಕೋಶ, ದಂಡು, ದರ್ಬಾರು ಎಲ್ಲ ಹೋದವು. ಬಸದಿಗಳೂ ಬೆಟ್ಟದ ಮೂರ್ತಿಯೂ ಉಳಿದವು. ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ 2015ರಲ್ಲಿ ಕಾರ್ಕಳದಲ್ಲಿ, 2024ರಲ್ಲಿ ವೇಣೂರಿನಲ್ಲಿ ನೆರವೇರಿತು. ಹಾಲು, ಎಳನೀರು, ಅರಸಿನ, ಚಂದನಗಳು ಗೊಮ್ಮಟನ ಭುಜದಿಂದ ಪಾದದವರೆಗೆ ಹರಿದಾಗ ಶಾಸನದಲ್ಲಿರುವ ಅರಸನ ಹೆಸರನ್ನು ಎಲ್ಲರೂ ನೆನೆಯುತ್ತಾರೆ. ಅದು ಸಲ್ಲತಕ್ಕದ್ದೇ.

ಅದೇ ಸೀಮೆಯ ಹಳ್ಳಿಗಳಲ್ಲಿ ನೇಮದ ರಾತ್ರಿ ತೆಂಬರೆಯ ಸದ್ದಿನ ನಡುವೆ ಇನ್ನೊಂದು ಹೆಸರು ಕೇಳಿಬರುತ್ತದೆ. ಅಲ್ಲಿ ಕಲ್ಕುಡನಿಗೂ ಅವನ ತಂಗಿಗೂ ಜನ ಕೈಮುಗಿಯುತ್ತಾರೆ. 1432ರಲ್ಲಿ ಉಳಿ ಹಿಡಿದವನ ನಿಜನಾಮ ಅದೇ ಎಂದು ಪ್ರಮಾಣ ಮಾಡಿ ಹೇಳಲಾಗದು. ಆದರೆ ಆ ಸ್ಥಾನದಲ್ಲಿ ಒಬ್ಬ ಮನುಷ್ಯನಿದ್ದ, ಅವನಿಗೊಂದು ಮನೆಯಿತ್ತು, ಅವನನ್ನು ಹುಡುಕಿಕೊಂಡು ಬಂದ ತಂಗಿಯೊಬ್ಬಳಿದ್ದಳು ಎಂಬುದನ್ನು ತುಳುನಾಡು ಮರೆತಿಲ್ಲ. ಬೆಟ್ಟದ ಮೆಟ್ಟಿಲೇರಿ ಶಾಸನವನ್ನು ನೋಡುವ ಪ್ರವಾಸಿಗ ಅದರಲ್ಲಿ ಬರೆಯದೆ ಬಿಟ್ಟ ಆ ಹೆಸರನ್ನೂ ಒಮ್ಮೆ ನೆನೆದುಕೊಂಡರೆ ಒಳ್ಳೆಯದು.